ಬುತ್ತಿಯ ಲೆಕ್ಕ

ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಸಂಜೆ ನಡೆಯುವವರ ಗುಂಪಿನಲ್ಲಿ ನಾನೂ ಒಬ್ಬ. ಈಚೆಗೊಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜೊತೆಗೂಡಿದ. ನಡಿಗೆ ಮುಗಿದ ಮೇಲೆ ಕೈಗಡಿಯಾರ ನೋಡಿಕೊಂಡು, “ಸರ್, ಮುನ್ನೂರು ಕ್ಯಾಲೊರಿ ಸುಟ್ಟೀನ್ರಿ. ಅಷ್ಟನ್ನ ಹೊಳ್ಳಿ ತಿನ್ನಬೇಕೋ, ಹಂಗೇ ಬಿಡಬೇಕೋ?” ಎಂದು ಕೇಳಿದ. ಎದುರಿಗೇ ಮಿರ್ಚಿ ಭಜಿಯ ಬಂಡಿ ನಿಂತಿತ್ತು. ಪ್ರಶ್ನೆ ಹುಟ್ಟಿದ್ದು ಎಲ್ಲಿಂದ ಎಂಬುದು ಇಬ್ಬರಿಗೂ ತಿಳಿದು ನಕ್ಕೆವು.

ಮನೆಗೆ ಬಂದ ಮೇಲೆ ನನಗೆ ನಗು ಬರಲಿಲ್ಲ. ದುಡಿದ ಮೈಗೆ, ಅದು ದುಡಿಮೆಯಲ್ಲಿ ಕಳೆದುಕೊಂಡಷ್ಟನ್ನು ಮರಳಿ ಕೊಡಬೇಕೇ? ಈ ಪ್ರಶ್ನೆ ಹೊಸದಲ್ಲ. ಸುಮಾರು ನೂರೈವತ್ತು ವರ್ಷಗಳ ಹಿಂದೆ ದಕ್ಷಿಣ ಭಾರತದಲ್ಲಿ ಇಬ್ಬರು ಆಂಗ್ಲ ಅಧಿಕಾರಿಗಳು ಇದೇ ಮಾತಿಗೆ ವಾದ ಹೂಡಿದ್ದರು. ಆ ವಾದದ ತಕ್ಕಡಿಯಲ್ಲಿ ಲಕ್ಷಾಂತರ ಜೀವಗಳಿದ್ದವು.

ಅದು 1876ರಿಂದ 1878ರವರೆಗಿನ ಮಹಾಕ್ಷಾಮ. ಮೈಸೂರು ಸೀಮೆಯ ಹಿರಿಯರು ಅದನ್ನು ಸಂವತ್ಸರಗಳ ಹೆಸರಿನಿಂದ ‘ಧಾತು ಈಶ್ವರ ಬರ’ ಎಂದು ಕರೆದರು. ಬಳ್ಳಾರಿ, ಧಾರವಾಡ, ಕಲಾದಗಿಗಳ ಕಪ್ಪು ನೆಲ ಬಾಯ್ದೆರೆಯಿತು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯನ್ನೂ ಅದು ಬಿಡಲಿಲ್ಲ. ಬರಕ್ಕೆ ಗಡಿಗಲ್ಲುಗಳ ಪರಿವೆ ಇರುವುದಿಲ್ಲ. ಬ್ರಿಟಿಷ್ ಸರಕಾರ ಹಸಿದವರಿಗೆ ರಸ್ತೆ, ಕೆರೆ, ಜಲ್ಲಿಯ ಕಾಮಗಾರಿಗಳನ್ನು ತೆರೆಯಿತು. ದುಡಿದವನಿಗಷ್ಟೇ ಕಾಳು ಎಂಬುದು ಅಲ್ಲಿನ ನಿಯಮ.

1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಮದರಾಸಿನ ಕಡೆಗೆ ಸರ್ ರಿಚರ್ಡ್ ಟೆಂಪಲ್‌ನನ್ನು ಕಳುಹಿಸಿದನು. ಈತ ಮೂರು ವರ್ಷ ಹಿಂದೆ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದವನು. ಹಾಗೆ ಉಳಿಸಿದ್ದಕ್ಕೆ ಪ್ರತಿಯಾಗಿ ದುಂದುಗಾರನೆಂಬ ಬೈಗುಳ ತಿಂದವನು. ಈ ಸಲ ಅವನು ಮಿತವ್ಯಯಿಯಾಗಿ ಬಂದನು. ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ, ಮೇಲೊಂದು ಆಣೆ. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಇತಿಹಾಸದಲ್ಲಿ ಇದು ‘ಟೆಂಪಲ್ ಕೂಲಿ’ ಎಂದೇ ಕುಖ್ಯಾತವಾಯಿತು.

ಇದನ್ನು ಎದುರಿಸಿದವನು ಮದರಾಸಿನ ಆರೋಗ್ಯ ಕಮಿಷನರನಾಗಿದ್ದ ಡಾಕ್ಟರ್ ಕಾರ್ನಿಶ್. ಸುಮ್ಮನೆ ಕುಳಿತ ಮೈಗೂ ಕಲ್ಲು ಒಡೆಯುವ ಮೈಗೂ ಒಂದೇ ಅಳತೆ ಸಲ್ಲದು ಎಂಬುದು ಅವನ ವಾದದ ತಿರುಳು. ಒಂದೂವರೆ ಪೌಂಡು ಧಾನ್ಯ ಬೇಕು, ಜೊತೆಗೆ ಬೇಳೆ ಬೇಕು, ಕಾಯಿಪಲ್ಲೆ ಬೇಕು ಎಂದು ಅವನು ಪಟ್ಟು ಹಿಡಿದನು. ಅತ್ತ ಮುಂಬಯಿ ಪ್ರಾಂತದಲ್ಲಿ ಕೂಲಿಗಳೇ ಕಾಮಗಾರಿ ಬಿಟ್ಟು ಎದ್ದು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು. 1877ರ ಮಾರ್ಚಿನಲ್ಲಿ ಮದರಾಸು ಸರಕಾರ ಒಂದೂಕಾಲು ಪೌಂಡು ಧಾನ್ಯ, ಒಂದೂವರೆ ಔನ್ಸು ಬೇಳೆ ಎಂದು ತಿದ್ದಿತು. ಕಾರ್ನಿಶ್ ಕೇಳಿದ ಹೆಚ್ಚಳದಲ್ಲಿ ಸಿಕ್ಕಿದ್ದು ಅರ್ಧ. 1871ರ ಮತ್ತು 1881ರ ಜನಗಣತಿಗಳ ನಡುವೆ ಬಳ್ಳಾರಿ ಜಿಲ್ಲೆಯಲ್ಲಿ ಸುಮಾರು ಐದರಲ್ಲೊಬ್ಬರು ಲೆಕ್ಕದಿಂದ ಮರೆಯಾಗಿದ್ದರು.

ಕಾರ್ನಿಶ್‌ನ ಕೈಯಲ್ಲಿ ಕ್ಯಾಲೊರಿಯ ಕೋಷ್ಟಕ ಇರಲಿಲ್ಲ. ಅಮೆರಿಕದ ಆಟ್‌ವಾಟರ್ ಎಂಬ ವಿಜ್ಞಾನಿ ಮುಚ್ಚಿದ ಕೋಣೆಯೊಳಗೆ ಮನುಷ್ಯನನ್ನಿರಿಸಿ, ಅವನು ಉಂಡದ್ದನ್ನೂ ಅವನ ಮೈ ಹೊರಸೂಸಿದ ಶಾಖವನ್ನೂ ಅಳೆದದ್ದು 1890ರ ದಶಕದಲ್ಲಿ. ಇಂದಿನ ಲೆಕ್ಕದಲ್ಲಿ ಒಂದು ಪೌಂಡು ಅಕ್ಕಿಯಿಂದ ದೊರೆಯುವುದು 1,600ಕ್ಕೆ ಒಂದಿಷ್ಟು ಕಡಿಮೆ ಕ್ಯಾಲೊರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಕಾರ, 65 ಕಿಲೋ ತೂಕದ ಗಂಡಸು ಕುಳಿತು ಮಾಡುವ ಕೆಲಸಕ್ಕೆ 2,110, ಮಧ್ಯಮ ಶ್ರಮಕ್ಕೆ 2,710, ಕಠಿಣ ಶ್ರಮಕ್ಕೆ 3,470 ಕ್ಯಾಲೊರಿ ಬೇಕು. ಬರಗಾಲದ ಕೂಲಿಯ ಮೈ ಅಷ್ಟು ತೂಗುತ್ತಿರಲಿಲ್ಲ, ನಿಜ. ಆದರೂ ಈ ಅಂತರ ಸಣ್ಣದಲ್ಲ. ಕೊರತೆ ಬಿದ್ದದ್ದನ್ನು ಮೈ ತನ್ನ ಮಾಂಸದಿಂದಲೇ ತುಂಬಿಕೊಳ್ಳುತ್ತದೆ.

ಈ ಅಂಕಿಗಳನ್ನು ಓದುವಾಗಲೆಲ್ಲ ನನಗೆ ಕಮಲಾಪುರ ನೆನಪಾಗುತ್ತದೆ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಊರು ಅದು. 1972ರ ಬರದಲ್ಲಿ ನನಗೆ ಹತ್ತು ವರ್ಷ. ಹೊಲ ಬೀಳುಬಿದ್ದು ಅಪ್ಪ ರಸ್ತೆಯ ಕಾಮಗಾರಿಗೆ ಜಲ್ಲಿ ಒಡೆಯಲು ಹೋಗುತ್ತಿದ್ದರು. ಮಧ್ಯಾಹ್ನ ಬುತ್ತಿ ಒಯ್ಯುವುದು ನನ್ನ ಕೆಲಸ. ಅವ್ವ ಮೂರು ರೊಟ್ಟಿ, ಒಂದಿಷ್ಟು ಖಾರ ಕಟ್ಟಿ, “ದಾರ್ಯಾಗ ಬಿಚ್ಚಬ್ಯಾಡ” ಎನ್ನುತ್ತಿದ್ದಳು. ನಾನು ಬಿಚ್ಚುತ್ತಿರಲಿಲ್ಲ. ಬಿಚ್ಚಬೇಕಾದ ಅಗತ್ಯವೂ ಇರಲಿಲ್ಲ. ಅಪ್ಪ ದಿನವೂ ಒಂದು ರೊಟ್ಟಿ ಮುರಿದು, “ನನಗ ಸಾಕಾಗೇದ, ತಿನ್ನು” ಎಂದು ಅರ್ಧ ಕೊಡುತ್ತಿದ್ದರು. ಅವರ ಹೊಟ್ಟೆ ತುಂಬಿದೆಯೆಂದೇ ನಾನು ನಂಬಿದ್ದೆ. ಕಾರ್ನಿಶ್‌ನ ವಾದ ಓದಿದಾಗ ನನಗೆ ನಲವತ್ತು ದಾಟಿತ್ತು, ಅಪ್ಪ ಇರಲಿಲ್ಲ. ಅಂದು ನಾನು ತಿಂದದ್ದು ಸುತ್ತಿಗೆ ಎತ್ತಿದ ತೋಳಿನ ಪಾಲು ಎಂಬುದು ಆಗ ತಿಳಿಯಿತು. ಅವ್ವ ತನಗೆಂದು ಎಷ್ಟು ಉಳಿಸಿಕೊಳ್ಳುತ್ತಿದ್ದಳೋ, ಆ ಲೆಕ್ಕವನ್ನು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಇನ್ನು ನನ್ನ ವಿದ್ಯಾರ್ಥಿಯ ಪ್ರಶ್ನೆ. ಅವನ ಗಡಿಯಾರವನ್ನು ಬಹಳ ನಂಬಬೇಕಾಗಿಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡಿನವರು ಅಂಥ ಏಳು ಸಾಧನಗಳನ್ನು ಪರೀಕ್ಷಿಸಿದರು. ಕ್ಯಾಲೊರಿಯ ಮಟ್ಟಿಗೆ ಅವುಗಳಲ್ಲಿ ಅತ್ಯುತ್ತಮವಾದದ್ದೂ ಸರಾಸರಿ ನೂರಕ್ಕೆ 27ರಷ್ಟು ತಪ್ಪಿತ್ತು. ಆಫ್ರಿಕದ ಹಾಡ್ಜಾ ಎಂಬ ಬೇಟೆಗಾರ ಜನರನ್ನು ಕುರಿತು 2012ರಲ್ಲಿ ಪ್ರಕಟವಾದ ಸಂಶೋಧನೆ ಇನ್ನೂ ವಿಸ್ಮಯದ್ದು. ದಿನವೂ ಮೈಲಿಗಟ್ಟಲೆ ನಡೆಯುವ ಅವರೂ, ಕುರ್ಚಿಯಲ್ಲಿ ಕುಳಿತ ನಗರದವರೂ, ಮೈಗಾತ್ರವನ್ನು ಗಣಿಸಿದರೆ, ದಿನಕ್ಕೆ ವೆಚ್ಚ ಮಾಡುವ ಶಕ್ತಿ ಹೆಚ್ಚುಕಡಿಮೆ ಒಂದೇ. ಒಂದೆಡೆ ವೆಚ್ಚವಾದದ್ದನ್ನು ಮೈ ಇನ್ನೊಂದೆಡೆ ಉಳಿಸುವುದೆಂದು ತೋರುತ್ತದೆ. ಆದ್ದರಿಂದ ಉಂಡು ಸುಖವಾಗಿರುವವನು ಮುನ್ನೂರನ್ನು ಮುನ್ನೂರಾಗಿ ಮರಳಿ ತಿನ್ನಬೇಕಾಗಿಲ್ಲ, ಹಸಿವಾದರೆ ಉಂಡರಾಯಿತು. ಆದರೆ ಇದೇ ಮಾತನ್ನು ಕಲ್ಲು ಒಡೆಯುವವನ ಎಲೆಯ ಮುಂದೆ ಆಡಿದರೆ ನಾವು ಮತ್ತೆ ಟೆಂಪಲ್‌ನ ಸಾಲಿಗೆ ಸೇರುತ್ತೇವೆ. ಕೊಬ್ಬು ಕರಗಿಸಲು ನಡೆಯುವವನ ಮೈ ಬೇರೆ, ಕೂಳಿಗಾಗಿ ದುಡಿಯುವವನ ಮೈ ಬೇರೆ.

ನಾವು ಸುತ್ತುವ ಕೆರೆಗೆ ಹೆಸರು ಕೊಟ್ಟವರು 1746ರಿಂದ 1822ರವರೆಗೆ ಬಾಳಿದ ಶರಣಬಸವೇಶ್ವರರು, ನಮ್ಮೂರಿನ ಅಪ್ಪ. ಹೊಲದ ಬೆಳೆಯನ್ನು ಹಕ್ಕಿಗಳಿಗೂ ಬಿಟ್ಟವರೆಂದು ಜನ ನೆನೆಯುತ್ತಾರೆ. ಅವರ ದಾಸೋಹದ ಪಂಕ್ತಿಯಲ್ಲಿ ಪೌಂಡಿನ ತೂಕವಿರಲಿಲ್ಲ.

ಮೊನ್ನೆ ಕಮಲಾಪುರಕ್ಕೆ ಹೋಗಿದ್ದೆ. ಊರಿಗೆ ಹೆಸರು ತಂದ ಕೆಂಪು ಬಾಳೆಹಣ್ಣು ಒಂದು ಡಜನ್ ಕೊಂಡು ಹೊಲದ ದಾರಿ ಹಿಡಿದೆ. ಬೇವಿನ ನೆರಳಿನಲ್ಲಿ ಕೂಲಿ ಹೆಂಗಸರು ಬುತ್ತಿ ಬಿಚ್ಚಿದ್ದರು. ಒಬ್ಬಾಕೆ, “ಉಣ್ಣಬರ್ರಿ, ಕಾಕಾ” ಎಂದು ರೊಟ್ಟಿ ಮುರಿದು ಅರ್ಧ ಮುಂದೆ ಹಿಡಿದಳು. ಬೇಡವೆಂದರೆ ಅವಳ ಮನಸ್ಸು ನೋಯುತ್ತದೆ. ತಿಂದರೆ ಅವಳ ಪಾಲು. ಒಂದು ತುತ್ತು ಮುರಿದುಕೊಂಡೆ. ಬಾಳೆಹಣ್ಣಿನ ಚೀಲವನ್ನು ಅವರ ನಡುವೆ ಇಟ್ಟು ಕುಳಿತೆ.