ಮಳೆ ಹಿಂಜರಿದ ಮೇಲೆ ಮಲೆನಾಡಿನ ಹುಲ್ಲುಹಾಸು: ಶರದೃತುವಿನ ಆರೈಕೆ

ಹಸ್ತ ನಕ್ಷತ್ರ ಕಳೆಯುತ್ತಿದ್ದಂತೆ ಮಲೆನಾಡಿನ ಮುಂಗಾರು ಹಿಂಜರಿಯುತ್ತದೆ. ಬಳಿಕ ಬರುವ ಚಿತ್ತಾ, ಸ್ವಾತಿ ಮಳೆಗಳು ಮಧ್ಯಾಹ್ನದ ಗುಡುಗಿನೊಡನೆ ಸುರಿದು ಹೋಗುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮನೆಯ ಸುತ್ತಲಿನ ನೆಲಕ್ಕೆ ಕೈಹಚ್ಚುವ ಕಾಲವಿದು. ಅಡಿಕೆ ಬೆಳೆಗಾರರ ಮನೆಗಳಲ್ಲಿ ಮಳೆಗಾಲದ ಹುಲ್ಲನ್ನು ಕೆರೆದು, ನೆಲ ಸಮಮಾಡಿ, ಸಗಣಿ ಸಾರಿಸಿ, ಕೊಯ್ಲಿಗೆ ಅಂಗಳವನ್ನು ಅಣಿಗೊಳಿಸುವುದು ಹಿಂದಿನಿಂದ ಬಂದ ರೂಢಿ. ಅದೇ ಊರುಗಳ ಎಸ್ಟೇಟ್ ಬಂಗಲೆ, ಹೋಂಸ್ಟೇ ಮತ್ತು ಹೊಸ ಮನೆಗಳ ಮುಂದೆ ಹುಲ್ಲನ್ನು ಉಳಿಸಿ ಬೆಳೆಸುವ ಪ್ರಯತ್ನವೂ ಇದೇ ತಿಂಗಳುಗಳಲ್ಲಿ ನಡೆಯುತ್ತದೆ. ಮುಂದಿನ ಬೇಸಿಗೆಯಲ್ಲಿ ಈ ಹುಲ್ಲು ಬದುಕುವುದೋ ಸಾಯುವುದೋ ಎಂಬುದು ಬಹುಮಟ್ಟಿಗೆ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿಯೇ ನಿರ್ಧಾರವಾಗುತ್ತದೆ.

ಪರದೇಶದ ಕ್ರಮ ಇಲ್ಲಿಗೆ ಹೊಂದದು

ಯುರೋಪ್, ಅಮೆರಿಕಗಳ ತೋಟಗಾರಿಕೆ ಪುಸ್ತಕಗಳು ಶರದೃತುವನ್ನು ಹೊಸ ಬೀಜ ಬಿತ್ತುವ ಕಾಲವೆಂದು ಹೇಳುತ್ತವೆ. ಅದು ಚಳಿಯಲ್ಲಿ ಚಿಗುರುವ ಹುಲ್ಲಿನ ಜಾತಿಗಳಿಗೆ ಸಂಬಂಧಿಸಿದ ಮಾತು. ಮಲೆನಾಡಿನಲ್ಲಿ ಬೆಳೆಯುವ ಗರಿಕೆ, ಮೆಕ್ಸಿಕನ್ ಹುಲ್ಲು, ಅಗಲ ಎಲೆಯ ಕಾರ್ಪೆಟ್ ಹುಲ್ಲು ಇವೆಲ್ಲ ಬಿಸಿಲು ಮತ್ತು ಸೆಕೆಯನ್ನು ಬಯಸುವಂಥವು. ಡಿಸೆಂಬರ್‌ನ ಚಳಿಗೆ ಇವುಗಳ ಬೆಳವಣಿಗೆ ಕುಂಠಿತವಾಗುತ್ತದೆ. ಅನಂತರ ಬರುವುದು ತಿಂಗಳುಗಟ್ಟಲೆ ಮಳೆಯಿಲ್ಲದ ಕಾಲ. ಆದ್ದರಿಂದ ಇಲ್ಲಿ ಶರದೃತುವಿನ ಆರೈಕೆಯ ಗುರಿ, ನೆಲದಲ್ಲಿ ತೇವ ಇರುವಾಗಲೇ ಬೇರು ಆಳಕ್ಕಿಳಿಯುವಂತೆ ಮಾಡುವುದು.

ಮಳೆ ತೊಳೆದ ಮಣ್ಣು

ಆಗುಂಬೆಗೆ ಸಮೀಪವಿರುವ ಶೃಂಗೇರಿಯಿಂದ ಪೂರ್ವಕ್ಕೆ, ಭದ್ರಾ ಹಿನ್ನೀರಿನ ದಂಡೆಯ ನರಸಿಂಹರಾಜಪುರದತ್ತ ಸಾಗಿದಂತೆ ಮಳೆಯ ಪ್ರಮಾಣ ಕಡಿಮೆಯಾಗುತ್ತದೆ. ಆದರೂ ಮೂರೂ ತಾಲ್ಲೂಕುಗಳ ಕೆಂಪು ಜಂಬಿಟ್ಟಿಗೆ ಮಣ್ಣಿನ ಸ್ವಭಾವ ಒಂದೇ ಬಗೆಯದು. ಮಳೆನೀರು ಸುಣ್ಣ ಮತ್ತು ಪೊಟ್ಯಾಷ್ ಅಂಶಗಳನ್ನು ತೊಳೆದೊಯ್ಯುವುದರಿಂದ ಮಣ್ಣು ಹುಳಿಯಾಗುತ್ತದೆ. ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ದಕ್ಕದಂತೆ ಮಾಡುತ್ತವೆ. ಹುಲ್ಲು ತೆಳುವಾಗಿ, ಆ ಜಾಗದಲ್ಲಿ ಹಾವಸೆ ಹಬ್ಬುವುದು ಇದರ ಮೊದಲ ಲಕ್ಷಣ.

ಹಾವಸೆಯನ್ನು ಕೆರೆದು ತೆಗೆದರೆ ಸಾಲದು. ಅದರ ಕಾರಣಗಳಾದ ನೆರಳು, ನಿಂತ ನೀರು, ಗಟ್ಟಿ ನೆಲ ಮತ್ತು ಹುಳಿ ಮಣ್ಣನ್ನು ಸರಿಪಡಿಸಬೇಕು. ಮರಗಳ ಕೆಳಗೊಂಬೆಗಳನ್ನು ಸವರಿ ಬೆಳಕು ಬೀಳಿಸುವುದು, ನೀರು ಹರಿದುಹೋಗಲು ಕಾಲುವೆ ಬಿಡಿಸುವುದು ಮೊದಲ ಕೆಲಸ. ಬಳಿಕ ಕಬ್ಬಿಣದ ಮುಳ್ಳುಗುದ್ದಲಿ ಅಥವಾ ಸಣ್ಣ ಹಾರೆಯಿಂದ ಗೇಣಿಗೊಂದರಂತೆ ನಾಲ್ಕು ಬೆರಳು ಆಳದ ತೂತುಗಳನ್ನು ಮಾಡಿದರೆ ಬೇರಿಗೆ ಗಾಳಿಯಾಡುತ್ತದೆ. ಕೃಷಿ ಸುಣ್ಣ ಅಥವಾ ಡಾಲೊಮೈಟನ್ನು ಮಣ್ಣು ಪರೀಕ್ಷೆ ಮಾಡಿಸಿದ ನಂತರವೇ ಹಾಕುವುದು ಒಳ್ಳೆಯದು. ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ಕುರಿತು ಸಲಹೆ ಪಡೆಯಬಹುದು.

ಗೊಬ್ಬರ ಮತ್ತು ಕತ್ತರಿಕೆ

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಜರಡಿ ಹಿಡಿದು, ಮರಳಿನೊಡನೆ ಬೆರೆಸಿ, ಅರ್ಧದಿಂದ ಒಂದು ಸೆಂಟಿಮೀಟರ್ ದಪ್ಪಕ್ಕೆ ಹರಡಬೇಕು. ಹುಲ್ಲಿನ ತುದಿ ಮುಚ್ಚಿಹೋಗಬಾರದು. ಯೂರಿಯಾ ಕೊಡುವುದಾದರೆ ಚದರ ಮೀಟರಿಗೆ ಸುಮಾರು 10 ಗ್ರಾಂ ಸಾಕು. ಅದನ್ನು ಎಲೆ ಒಣಗಿರುವಾಗ ಎರಚಿ ಕೂಡಲೇ ನೀರು ಹಾಯಿಸಬೇಕು. ಸುಣ್ಣ ಮತ್ತು ಯೂರಿಯಾವನ್ನು ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಸೇರಿಬಿಡುತ್ತದೆ. ಎರಡರ ನಡುವೆ ಕನಿಷ್ಠ ಮೂರು ವಾರಗಳ ಅಂತರವಿರಲಿ. ನವೆಂಬರ್ ನಡುವಿನ ಅನಂತರ ಸಾರಜನಕ ಕೊಡುವುದರಿಂದ ಎಳೆಯ ಚಿಗುರು ಬಂದು ಒಣಹವೆಗೆ ಬಾಡುತ್ತದೆಯೇ ಹೊರತು ಬೇರಿಗೆ ಲಾಭವಿಲ್ಲ.

ಮಳೆಗಾಲದಲ್ಲಿ ಮೊಣಕಾಲೆತ್ತರ ಬೆಳೆದ ಹುಲ್ಲನ್ನು ಒಂದೇ ಸಲಕ್ಕೆ ನೆಲಮಟ್ಟಕ್ಕೆ ಕತ್ತರಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಹಾಗೆ ಮಾಡಿದಾಗ ಉಳಿಯುವುದು ಹಳದಿ ಕಾಂಡ ಮಾತ್ರ. ಪ್ರತಿ ಬಾರಿಯೂ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದೆ, ವಾರಕ್ಕೊಮ್ಮೆ ಇಳಿಸುತ್ತ ಬರಬೇಕು. ಬಿಸಿಲಿನ ಗರಿಕೆಗೆ 3ರಿಂದ 4 ಸೆಂಟಿಮೀಟರ್, ನೆರಳಿನ ಕಾರ್ಪೆಟ್ ಹುಲ್ಲಿಗೆ 5 ಸೆಂಟಿಮೀಟರ್ ಎತ್ತರ ಸೂಕ್ತ.

ಕಳೆ, ಹುಳು, ಹಂದಿ

ಮುಟ್ಟಿದರೆ ಮುನಿ ಮತ್ತು ಜೇಕು ಈ ಕಾಲದ ಮುಖ್ಯ ಕಳೆಗಳು. ಮೊದಲನೆಯದನ್ನು ಬೀಜ ಕಟ್ಟುವ ಮುನ್ನ ಬೇರುಸಹಿತ ಕೀಳಬೇಕು. ಎರಡನೆಯದರ ಗಡ್ಡೆಯನ್ನು ಅಗೆದು ತೆಗೆಯದಿದ್ದರೆ ಮತ್ತೆ ಚಿಗುರುತ್ತದೆ. ತೇವದ ಅಂಚಿನಲ್ಲಿ ಹಬ್ಬುವ ಒಂದೆಲಗವನ್ನು ಮಾತ್ರ ಕಳೆಯೆಂದು ಕಿತ್ತೆಸೆಯುವವರು ಇಲ್ಲಿ ಕಡಿಮೆ. ಅದು ಚಟ್ನಿಗೂ ತಂಬುಳಿಗೂ ಒದಗುತ್ತದೆ.

ಹುಲ್ಲು ಅಲ್ಲಲ್ಲಿ ಹಳದಿಯಾಗಿ, ಎಳೆದಾಗ ಚಾಪೆಯಂತೆ ಮೇಲೆದ್ದು ಬಂದರೆ ಅಡಿಯಲ್ಲಿ ಬೇರು ತಿನ್ನುವ ಗೊಣ್ಣೆಹುಳು ಇದೆಯೆಂದು ತಿಳಿಯಬೇಕು. ಅಡಿಕೆ ತೋಟಕ್ಕೂ ಇದೇ ಬಗೆಯ ಹುಳುಗಳ ಕಾಟವುಂಟು. ಸಣ್ಣ ಹುಲ್ಲುಹಾಸಿನಲ್ಲಿ ಮಣ್ಣು ಕೆದಕಿ ಹುಳು ಆರಿಸಿ ತೆಗೆಯುವುದೇ ಸುಲಭದ ದಾರಿ. ಹುಳುವಿದ್ದಲ್ಲಿಗೆ ರಾತ್ರಿ ಕಾಡುಹಂದಿಗಳು ಬಂದು ನೆಲವನ್ನು ಬಗೆದು ಹಾಕುತ್ತವೆ.

ಕಾಡಂಚಿನ ಎಚ್ಚರಿಕೆ

ಈ ಮೂರು ತಾಲ್ಲೂಕುಗಳಲ್ಲಿ ಮನೆಯ ಸುತ್ತಲಿನ ಹುಲ್ಲು ಅಂದದ ವಿಷಯ ಮಾತ್ರವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇಲ್ಲಿಯೂ ಇದೆ. 2024 ಮತ್ತು 2025ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಈ ಕಾಯಿಲೆಯಿಂದ ಜೀವಹಾನಿಯೂ ಆಗಿದೆ. ದಶಕಗಳ ಕಾಲ ಕೊಡಲಾಗುತ್ತಿದ್ದ ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತುಹೋಯಿತು. ಹೀಗಾಗಿ ರೋಗ ಹರಡುವ ಉಣುಗು ಮೈಗೇರದಂತೆ ನೋಡಿಕೊಳ್ಳುವುದೇ ಮುಖ್ಯ ರಕ್ಷಣೆ.

ಮಳೆ ನಿಂತ ಮೇಲೆ ಉಣುಗಿನ ಮರಿಗಳು ತರಗೆಲೆಯ ತೇವದಲ್ಲಿ ಬೆಳೆಯತೊಡಗುತ್ತವೆ; ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಮನುಷ್ಯರಿಗೆ ಅಪಾಯ ಹೆಚ್ಚು. ಗಿಡ್ಡವಾಗಿ ಕತ್ತರಿಸಿದ, ಬಿಸಿಲು ಬೀಳುವ, ಒಣಗಿದ ನೆಲದಲ್ಲಿ ಅವು ಬಹುಕಾಲ ಬದುಕಲಾರವು. ಆದ್ದರಿಂದ ಹುಲ್ಲುಹಾಸಿಗೂ ಕಾಡಿಗೂ ನಡುವೆ ಕೆಲವು ಅಡಿ ಅಗಲದ ಬೋಳು ನೆಲ ಅಥವಾ ಜಲ್ಲಿಯ ಪಟ್ಟಿಯನ್ನು ಬಿಡುವುದು ಹಿತಕರ. ಉದುರಿದ ಎಲೆಗಳನ್ನು ಗುಡಿಸಿ ದೂರ ಸಾಗಿಸಬೇಕು. ಹೊದಿಕೆಗೆಂದು ಕಾಡಿನ ದರಗನ್ನು ತಂದು ಮನೆಯ ಬಳಿ ಹರಡಬಾರದು. ದನಗಳು ಉಣುಗನ್ನು ಹೊತ್ತು ತರುವುದರಿಂದ ಹುಲ್ಲುಹಾಸಿನ ಮೇಲೆ ಅವುಗಳನ್ನು ಕಟ್ಟುವುದೂ ತರವಲ್ಲ. ಹುಲ್ಲು ಕತ್ತರಿಸುವವರು ತುಂಬು ತೋಳಿನ ಬಟ್ಟೆ, ಬೂಟು ಧರಿಸಿ, ಆರೋಗ್ಯ ಇಲಾಖೆ ವಿತರಿಸುವ ಡೆಪಾ ತೈಲ ಹಚ್ಚಿಕೊಂಡು, ಕೆಲಸ ಮುಗಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಬೇಕು. ಸುತ್ತಮುತ್ತ ಸತ್ತ ಮಂಗ ಕಂಡರೆ ಮುಟ್ಟದೆ ಸಮೀಪದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹಠಾತ್ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ತಡಮಾಡದೆ ವೈದ್ಯರನ್ನು ನೋಡಬೇಕು.

ನೀರಿನ ಲೆಕ್ಕ

ಮಳೆ ಪೂರ್ತಿ ನಿಂತ ಮೇಲೆ ದಿನವೂ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಬೆಳಗಿನ ಹೊತ್ತು ಆಳಕ್ಕೆ ಇಳಿಯುವಂತೆ ಹಾಯಿಸುವುದು ಉತ್ತಮ. ಚದರ ಮೀಟರಿಗೆ 20 ಲೀಟರ್ ನೀರು 20 ಮಿಲಿಮೀಟರ್ ಮಳೆಗೆ ಸಮ. ಅಂದರೆ 100 ಚದರ ಮೀಟರ್ ಹುಲ್ಲುಹಾಸಿಗೆ ಒಂದು ಸಲಕ್ಕೆ 2,000 ಲೀಟರ್ ಬೇಕು. ಧಾರಾಕಾರ ಮಳೆ ಬೀಳುವ ಈ ಸೀಮೆಯಲ್ಲಿಯೂ ಮಾರ್ಚ್ ಕಳೆದರೆ ಅನೇಕ ಬಾವಿಗಳ ನೀರು ಇಳಿಯುತ್ತದೆ. ಆಗ ಕುಡಿಯುವ ನೀರಿಗೂ ತೋಟಕ್ಕೂ ಮೊದಲ ಸ್ಥಾನ ಕೊಟ್ಟು, ಗರಿಕೆಯನ್ನು ಒಣಗಲು ಬಿಡಬಹುದು. ಅದರ ನೆಲದಡಿಯ ಕಾಂಡ ಜೀವ ಹಿಡಿದಿರುತ್ತದೆ. ಶರದೃತುವಿನಲ್ಲಿ ಬೇರು ಆಳಕ್ಕಿಳಿದಿದ್ದರೆ, ವೈಶಾಖದ ಮೊದಲ ಅಡ್ಡಮಳೆ ಬಿದ್ದ ಕೆಲವೇ ದಿನಗಳಲ್ಲಿ ಹುಲ್ಲು ಮತ್ತೆ ಹಸಿರಾಗುತ್ತದೆ.