ಎರಡು ನಾಬ್‌ಗಳು, ತೊಂಬತ್ತೆರಡು ಜೀವಗಳು

ಆರ್‌ಪಿಸಿ ಲೇಔಟಿನಿಂದ ಹಳೆಯ ವಿಮಾನ ನಿಲ್ದಾಣದ ರಸ್ತೆಗೆ ಹೊರಟರೆ ಇಂದು ಆಟೋದವರು ಯಾರನ್ನೂ ದಾರಿ ಕೇಳುವುದಿಲ್ಲ. ಮೊಬೈಲ್ ತೋರಿಸಿದ ಗೆರೆಯನ್ನು ಹಿಡಿಯುತ್ತಾರೆ. ನಾವೂ ಹಿಂದಿನ ಸೀಟಿನಲ್ಲಿ ನಿಶ್ಚಿಂತೆಯಿಂದ ಕೂರುತ್ತೇವೆ. ಯಂತ್ರದ ಮೇಲಿನ ಇಂಥ ಭರವಸೆಗೆ ಬೆಂಗಳೂರು ಹಿಂದೊಮ್ಮೆ ದೊಡ್ಡ ಬೆಲೆ ತೆತ್ತಿತ್ತು. ಆ ಜಾಗವೂ ಇದೇ ರಸ್ತೆಯ ಸಮೀಪದಲ್ಲಿದೆ.

1990ರ ಫೆಬ್ರವರಿ 14ರ ಮಧ್ಯಾಹ್ನ. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಆಕಾಶ ಶುಭ್ರವಾಗಿತ್ತು. ವಿಮಾನ ಹೊಚ್ಚ ಹೊಸ ಏರ್‌ಬಸ್ ಎ-320. ಪೈಲಟ್‌ನ ಕೈಗೂ ರೆಕ್ಕೆಗೂ ನಡುವೆ ಕಂಪ್ಯೂಟರ್ ಕೂತಿರುವ, ಆ ಕಾಲದ ಅತ್ಯಾಧುನಿಕ ವಿಮಾನವದು. ರನ್‌ವೇಗೆ ಸುಮಾರು 2300 ಅಡಿ ಮೊದಲೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿ ಹೊತ್ತಿ ಉರಿಯಿತು. ಅದರಲ್ಲಿದ್ದ 146 ಮಂದಿಯಲ್ಲಿ 92 ಜನ ಸತ್ತರು.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ವಿಮಾನ ಕೆಟ್ಟಿರಲಿಲ್ಲ ಎಂದು ಕಂಡುಬಂತು. ಹಾಗಾದರೆ ಆದದ್ದೇನು? ವಿಮಾನ ನಿಮಿಷಕ್ಕೆ 700 ಅಡಿಯಂತೆ ಇಳಿಯಬೇಕಿತ್ತು. ಇಳಿಯುವ ವೇಗ ಹೇಳುವ ನಾಬ್ ಮತ್ತು ಎತ್ತರ ಹೇಳುವ ನಾಬ್ ಅಕ್ಕಪಕ್ಕದಲ್ಲಿದ್ದವು. ಬಹುಶಃ ಪೈಲಟ್ ಒಬ್ಬರು ಒಂದರ ಬದಲು ಇನ್ನೊಂದನ್ನು ತಿರುಗಿಸಿ 700 ಅಡಿ ಎತ್ತರವನ್ನು ಆರಿಸಿಬಿಟ್ಟರು ಎಂಬುದು ವರದಿಯ ಅಭಿಪ್ರಾಯ. ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 2900 ಅಡಿ ಎತ್ತರದಲ್ಲಿದೆ! ಅಂದರೆ ನೆಲದೊಳಗಿನ ಒಂದು ಎತ್ತರಕ್ಕೆ ಇಳಿಯಲು ಯಂತ್ರಕ್ಕೆ ಆಜ್ಞೆಯಾಯಿತು. ಅದು ಮರುಮಾತಾಡದೆ ಪಾಲಿಸಿತು. ಎಂಜಿನ್‌ಗಳ ಶಕ್ತಿ ಕನಿಷ್ಠಕ್ಕೆ ಇಳಿಯಿತು. ಗಂಟೆಗೆ ಸುಮಾರು 245 ಕಿ.ಮೀ. ಇರಬೇಕಿದ್ದ ವೇಗ 195ರ ಆಸುಪಾಸಿಗೆ ಕುಸಿಯಿತು. ಅರಿವಾಗಿ ಶಕ್ತಿ ಹೆಚ್ಚಿಸುವಾಗ ಹೊತ್ತು ಮೀರಿತ್ತು. ಜೆಟ್ ಎಂಜಿನ್ ಮತ್ತೆ ಚೇತರಿಸಿಕೊಳ್ಳಲು ಕೆಲವು ಸೆಕೆಂಡುಗಳು ಬೇಕು.

ಅಲ್ಲಿದ್ದವರು ಹೊಸಬರಲ್ಲ. ಒಬ್ಬ ಕ್ಯಾಪ್ಟನ್ ಇನ್ನೊಬ್ಬ ಕ್ಯಾಪ್ಟನ್‌ನ ಹಾರಾಟವನ್ನು ಪರೀಕ್ಷಿಸುತ್ತಿದ್ದರು. ಹೊಣೆಯನ್ನು ಅವರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ, ಸತ್ತವರು ಎದುರು ವಾದಿಸುವುದಿಲ್ಲವಲ್ಲ. ಆದರೆ ವೇಗವನ್ನು ಯಂತ್ರವೇ ಕಾಯುತ್ತದೆ ಎಂದು ಕಲಿಸಿದ ಮೇಲೆ ವೇಗಮಾಪಕದ ಮೇಲಿನ ಕಣ್ಣು ಜಾರುವುದನ್ನು ಬರೀ ಬೇಜವಾಬ್ದಾರಿ ಎನ್ನಲು ನಮಗೆ ಮನಸ್ಸಾಗುವುದಿಲ್ಲ. ಸೋಮಾರಿಯೇ ಎಚ್ಚರ ತಪ್ಪಬೇಕೆಂದಿಲ್ಲ, ನಂಬಿದವನೂ ತಪ್ಪುತ್ತಾನೆ. ನೂರು ಸಲ ಸರಿ ಹೇಳಿದ ಯಂತ್ರವನ್ನು ನೂರೊಂದನೆಯ ಸಲ ಪರೀಕ್ಷಿಸುವವರು ನಮ್ಮಲ್ಲಿ ಎಷ್ಟು ಮಂದಿ?

ದುರಂತದ ಬಳಿಕ ಸರಕಾರ ಎ-320 ವಿಮಾನಗಳನ್ನು ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಿತು. 1992ರ ಜನವರಿ 20ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ಬಳಿ ಇನ್ನೊಂದು ಎ-320 ಬೆಟ್ಟಕ್ಕೆ ಬಡಿದು 87 ಮಂದಿ ಸತ್ತರು. ಅಲ್ಲಿಯೂ ಬಹುಶಃ ಅಂಕಿಯದೇ ಗೊಂದಲ: 3.3 ಡಿಗ್ರಿ ಇಳಿಜಾರೆಂದು ಪೈಲಟ್‌ಗಳು ಕೊಟ್ಟ 33 ಅನ್ನು ಯಂತ್ರ ನಿಮಿಷಕ್ಕೆ 3300 ಅಡಿ ಎಂದು ಓದಿತ್ತು. ಅದರ ನಂತರ ಏರ್‌ಬಸ್ ಆ ಪರದೆಯಲ್ಲಿ ಅಂಕಿ ತೋರಿಸುವ ಕ್ರಮವನ್ನೇ ಬದಲಿಸಿತು.