ಘನಾಕೃತಿ ಪಂಥ

ಕ್ಯೂಬಿಸಂ ಎಂದು ಪ್ರಸಿದ್ಧವಾದ ಚಿತ್ರಕಲಾ ಪಂಥ. 1907ರಿಂದ 1914ರ ನಡುವೆ ಪ್ಯಾರಿಸ್ಸಿನಲ್ಲಿ ರೂಪುಗೊಂಡಿತು. ಸ್ಪೇನಿನ ಪಾಬ್ಲೊ ಪಿಕಾಸೊ (1881-1973) ಮತ್ತು ಫ್ರಾನ್ಸಿನ ಜಾರ್ಜ್ ಬ್ರಾಕ್ (1882-1963) ಇದರ ಪ್ರವರ್ತಕರು. ಒಂದೇ ಕಡೆ ನಿಂತು ಕಂಡಷ್ಟನ್ನೇ ಬರೆಯುವುದು ಪುನರುಜ್ಜೀವನ ಕಾಲದಿಂದ ಯುರೋಪಿನಲ್ಲಿ ನಡೆದುಬಂದ ಕ್ರಮ. ಇವರಿಬ್ಬರೂ ಅದನ್ನು ಕೈಬಿಟ್ಟರು. ಮೇಜಿನ ಮೇಲಿನ ಲೋಟದ ಬಾಯಿ ಮೇಲಿನಿಂದ ನೋಡಿದಂತೆ ದುಂಡಗೆ, ಅದರ ಮೈ ಪಕ್ಕದಿಂದ ನೋಡಿದಂತೆ ನೆಟ್ಟಗೆ, ಎರಡೂ ಒಂದೇ ಚಿತ್ರದೊಳಗೆ ಬರತೊಡಗಿದವು.

ಹೆಸರು ಮತ್ತು ಮೂಲ

1908ರ ಬೇಸಿಗೆಯಲ್ಲಿ ಬ್ರಾಕ್ ದಕ್ಷಿಣ ಫ್ರಾನ್ಸಿನ ಲೆಸ್ತಾಕ್‌ನಲ್ಲಿ ಬರೆದ ನಿಸರ್ಗಚಿತ್ರಗಳನ್ನು ಆ ವರ್ಷದ ಶರತ್ಕಾಲದ ಸಲೂನ್ ಪ್ರದರ್ಶನದ ಆಯ್ಕೆಗಾರರು ಒಪ್ಪಲಿಲ್ಲ. ನವೆಂಬರಿನಲ್ಲಿ ಕಲಾವ್ಯಾಪಾರಿ ಡೇನಿಯಲ್ ಹೆನ್ರಿ ಕಾನ್‌ವೈಲರ್ ಅವುಗಳನ್ನು ತನ್ನ ಪುಟ್ಟ ಗ್ಯಾಲರಿಯಲ್ಲಿ ತೂಗುಹಾಕಿದ. ಬ್ರಾಕ್ ಎಲ್ಲವನ್ನೂ ಘನಗಳಿಗೆ ಇಳಿಸಿದ್ದಾನೆಂದು ವಿಮರ್ಶಕ ಲೂಯಿ ವೊಸೆಲ್ ‘ಜಿಲ್ ಬ್ಲಾ’ ಪತ್ರಿಕೆಯಲ್ಲಿ ಬರೆದ. ಆಕ್ಷೇಪದಿಂದ ಹುಟ್ಟಿದ ಮಾತು ಪಂಥಕ್ಕೆ ಹೆಸರಾಗಿ ನಿಂತಿತು. ಆದರೆ ಈ ಹೆಸರನ್ನು ನೆಚ್ಚಿ ಚಿತ್ರಗಳನ್ನು ನೋಡುವವರಿಗೆ ನಿರಾಶೆಯಾಗುತ್ತದೆ. ಪಂಥದ ಪಕ್ವ ಕೃತಿಗಳಲ್ಲಿ ಘನಗಳು ವಿರಳ. ಅಲ್ಲಿರುವುದು ಒಂದರೊಳಗೊಂದು ಜಾರುವ, ಅಂಚು ತೆರೆದ ಚಪ್ಪಟೆ ತುಣುಕುಗಳು.

ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್ 1906ರಲ್ಲಿ ತೀರಿಕೊಂಡ. ಮರುವರ್ಷ ನಡೆದ ಅವನ ಕೃತಿಗಳ ಸ್ಮಾರಕ ಪ್ರದರ್ಶನ ಪಿಕಾಸೊ, ಬ್ರಾಕ್ ಇಬ್ಬರ ಮೇಲೂ ಆಳವಾದ ಪ್ರಭಾವ ಬೀರಿತು. ಅದೇ ವರ್ಷ ಪಿಕಾಸೊ ಮೊಂಮಾರ್ತ್ರ್‌ನ ತನ್ನ ಕೋಣೆಯಲ್ಲಿ ‘ಅವಿನ್ಯೋಂ ತರುಣಿಯರು’ ಚಿತ್ರ ಬರೆದ. ಎತ್ತರ, ಅಗಲ ಎರಡೂ ಎಂಟು ಅಡಿಯಷ್ಟಿರುವ ಈ ಚಿತ್ರವನ್ನು ಪಂಥದ ಆರಂಭವೆನ್ನುವುದು ವಾಡಿಕೆ. ಸಾರ್ವಜನಿಕರು ಅದನ್ನು ನೋಡಿದ್ದು 1916ರಲ್ಲಿ. ಆದ್ದರಿಂದ ಅದನ್ನು ಪೀಠಿಕೆ ಎಂದರೆ ಹೆಚ್ಚು ಸರಿಯಾದೀತು. ಅದರ ಬಲಗಡೆಯ ಎರಡು ಮುಖಗಳಲ್ಲಿ ಆಫ್ರಿಕದ ಮುಖವಾಡಗಳ ಛಾಯೆಯನ್ನು ಹಲವರು ಗುರುತಿಸಿದ್ದಾರೆ. ಪಿಕಾಸೊ ಮುಂದೆ ಇದನ್ನು ಅಲ್ಲಗಳೆದ. ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಒಡೆದ ರೂಪಗಳ ಘಟ್ಟ

1909ರಿಂದ 1912ರವರೆಗಿನ ಘಟ್ಟವನ್ನು ವಿಶ್ಲೇಷಣಾತ್ಮಕ, ಮುಂದಿನದನ್ನು ಸಂಶ್ಲೇಷಣಾತ್ಮಕ ಎನ್ನುವ ರೂಢಿಯಿದೆ. ಈ ಪದಗಳು ಬಳಕೆಗೆ ಬಂದದ್ದು ಆಮೇಲೆ. ಮೊದಲ ಘಟ್ಟದಲ್ಲಿ ಬಣ್ಣ ಬೂದು, ಕಂದುಗಳಿಗೆ ಇಳಿಯಿತು. 1910ರಲ್ಲಿ ಪಿಕಾಸೊ ಬರೆದ ಕಾನ್‌ವೈಲರ್‌ನ ಭಾವಚಿತ್ರದಲ್ಲಿ ತಲೆಗೂದಲಿನ ಅಲೆ, ಗಡಿಯಾರದ ಸರಪಳಿ, ಹೆಣೆದ ಕೈಬೆರಳು ಇಷ್ಟೇ ಆಸರೆ. ಉಳಿದ ದೇಹವನ್ನು ನೋಡುಗನೇ ಕೂಡಿಸಿಕೊಳ್ಳಬೇಕು. ಇಬ್ಬರ ಕೈಬರಹ ಎಷ್ಟು ಹತ್ತಿರವಾಯಿತೆಂದರೆ, ಸಹಿಯನ್ನು ಕ್ಯಾನ್ವಾಸಿನ ಹಿಂಬದಿಗೆ ಹಾಕುತ್ತಿದ್ದ ಆ ದಿನಗಳ ಕೃತಿಗಳನ್ನು ಬೇರ್ಪಡಿಸಲು ಪಳಗಿದ ಕಣ್ಣೂ ತಡವರಿಸುತ್ತದೆ. ವಸ್ತು ಪೂರ್ತಿ ಕರಗಿಹೋಗುವ ಅಪಾಯ ಎದುರಾದಾಗ ಬ್ರಾಕ್ ಅಕ್ಷರಗಳನ್ನು ತಂದ. 1911ರ ‘ಪೋರ್ಚುಗೀಸ’ ಚಿತ್ರದಲ್ಲಿ ಅಂಗಡಿ ಫಲಕಗಳಿಗೆ ಬಳಸುವ ಕೊರೆದ ಅಚ್ಚಿನಿಂದ ಮೂಡಿಸಿದ ಅಕ್ಷರಗಳಿವೆ.

ಅಂಟಿಸಿದ ಕಾಗದ

ಬ್ರಾಕ್ ಲ ಆವ್ರ್ ಬಂದರಿನಲ್ಲಿ ಬೆಳೆದವನು. ತಂದೆ, ತಾತ ಇಬ್ಬರೂ ಮನೆಗಳಿಗೆ ಬಣ್ಣ ಬಳಿಯುವ ಗುತ್ತಿಗೆದಾರರು. ಅವನೂ ಅದೇ ಕಸುಬಿನಲ್ಲಿ ತರಬೇತಿ ಪಡೆದ. ಅಗ್ಗದ ಹಲಗೆಯನ್ನು ಓಕ್ ಮರದಂತೆ ಕಾಣಿಸುವುದು ಆ ಕಸುಬಿನ ಒಂದು ಕೆಲಸ. ಮೊದಲು ತಿಳಿಬಣ್ಣದ ಲೇಪ ಕೊಟ್ಟು ಒಣಗಿಸುತ್ತಾರೆ. ಅದರ ಮೇಲೆ ತೆಳುವಾದ ಗಾಢ ಬಣ್ಣ ಹಚ್ಚಿ, ಹಸಿಯಿರುವಾಗಲೇ ಹಲ್ಲುಗಳಿರುವ ಬಾಚಣಿಗೆಯನ್ನು ಎಳೆಯುತ್ತಾರೆ. ಹಲ್ಲು ಹಾದ ಕಡೆ ಕೆಳಗಿನ ತಿಳಿಬಣ್ಣ ಎದ್ದು ಮರದ ಗೆರೆಗಳು ಮೂಡುತ್ತವೆ. ಈ ಬಾಚಣಿಗೆಯನ್ನು ಬ್ರಾಕ್ ಕ್ಯಾನ್ವಾಸಿಗೆ ತಂದ. ಅವನಿಂದ ಕಲಿತ ಪಿಕಾಸೊ 1912ರ ‘ಕವಿ’ ಚಿತ್ರದಲ್ಲಿ ಅದರಿಂದಲೇ ಮನುಷ್ಯನ ಕೂದಲು ಬಾಚಿದ. ಪಂಥದ ಚರಿತ್ರೆಗಳು ಜ್ಯಾಮಿತಿಗೆ ಕೊಟ್ಟಷ್ಟು ಗಮನವನ್ನು ಈ ಬಾಚಣಿಗೆಗೆ ಕೊಟ್ಟಿಲ್ಲ. ಮುಂದಿನ ಬೆಳವಣಿಗೆಗೆ ದಾರಿ ತೋರಿದ್ದು ಇದೇ.

1912ರ ಮೇ ತಿಂಗಳಲ್ಲಿ ಪಿಕಾಸೊ ಬೆತ್ತದ ಹೆಣಿಗೆಯ ಚಿತ್ರ ಅಚ್ಚಾಗಿದ್ದ ಮೇಣಬಟ್ಟೆಯನ್ನು ಒಂದು ಅಂಡಾಕಾರದ ಸ್ಥಿರವಸ್ತು ಚಿತ್ರಕ್ಕೆ ಅಂಟಿಸಿ, ಸುತ್ತಲೂ ಹಗ್ಗದ ಚೌಕಟ್ಟು ಕೊಟ್ಟ. ಆ ಬೇಸಿಗೆಯನ್ನು ಇಬ್ಬರೂ ಅವಿನ್ಯೋಂ ಹತ್ತಿರದ ಸೊರ್ಗ್‌ನಲ್ಲಿ ಕಳೆದರು. ಓಕ್ ಮರದ ಗೆರೆಗಳು ಅಚ್ಚಾಗಿದ್ದ ಗೋಡೆಕಾಗದದ ಸುರುಳಿಯೊಂದು ಅವಿನ್ಯೋಂ ಅಂಗಡಿಯಲ್ಲಿ ಬ್ರಾಕ್‌ನ ಕಣ್ಣಿಗೆ ಬಿತ್ತು. ಪಿಕಾಸೊ ಪ್ಯಾರಿಸ್ಸಿಗೆ ಹೊರಡುವವರೆಗೆ ಕಾದು ಅದನ್ನು ಕೊಂಡನೆಂದು ಹೇಳುತ್ತಾರೆ. ಸೆಪ್ಟೆಂಬರಿನಲ್ಲಿ ಸಿದ್ಧವಾದ ‘ಹಣ್ಣಿನ ಬಟ್ಟಲು ಮತ್ತು ಲೋಟ’ವೇ ಕಾಗದ ಅಂಟಿಸಿ ಮಾಡಿದ ಮೊದಲ ಘನಾಕೃತಿ ಚಿತ್ರ.

ಅದರಲ್ಲಿ ಗೋಡೆಕಾಗದದ ಮೂರು ತುಂಡುಗಳಿವೆ. ಮೇಲಿನ ಎರಡು ಕೆಫೆಯ ಮರದ ಗೋಡೆ. ಕೆಳಗಿನದರ ಮೇಲೆ ಒಂದು ದುಂಡು ಗುಬುಟು ಬರೆದಿರುವುದರಿಂದ ಅದು ಮೇಜಿನ ಡ್ರಾಯರ್. ಬಟ್ಟಲು, ದ್ರಾಕ್ಷಿ, ಲೋಟ ಎಲ್ಲ ಇದ್ದಿಲಿನ ಗೆರೆ. ಗೆರೆ ಕಾಗದದ ಅಂಚಿನಲ್ಲಿ ನಿಲ್ಲುವುದಿಲ್ಲ, ಅದನ್ನು ಹತ್ತಿ ಇಳಿದು ಮುಂದೆ ಹೋಗುತ್ತದೆ. ಬಣ್ಣವನ್ನು ವಸ್ತುವಿನ ಗಡಿಯೊಳಗೇ ತುಂಬಬೇಕೆಂಬ ಶತಮಾನಗಳ ಕಟ್ಟು ಇಲ್ಲಿ ಸಡಿಲಾಯಿತು. ಬಣ್ಣ ಒಂದು ಕಡೆ, ರೇಖೆ ಒಂದು ಕಡೆ ಇದ್ದೂ ಕಣ್ಣು ಎರಡನ್ನೂ ಒಂದೇ ವಸ್ತುವಿಗೆ ಸಲ್ಲಿಸುತ್ತದೆ. ಪಂಥದ ಅತಿ ದೊಡ್ಡ ಶೋಧ ಇದೆಂದು ಹೇಳಲು ಈ ಲೇಖಕನಿಗೆ ಹಿಂಜರಿಕೆಯಿಲ್ಲ.

ಪಿಕಾಸೊ ವೃತ್ತಪತ್ರಿಕೆಯ ತುಣುಕುಗಳನ್ನು ಹಿಡಿದ. ಆ ಚಳಿಗಾಲದ ಕೆಲವು ಕೃತಿಗಳಲ್ಲಿ ಬಾಲ್ಕನ್ ಯುದ್ಧದ ಸುದ್ದಿಗಳಿವೆ. ಅವು ರಾಜಕೀಯ ಹೇಳಿಕೆಗಳೋ ಬರಿಯ ಬೂದು ಮೇಲ್ಮೈಯೋ ಎಂಬ ಚರ್ಚೆ ಮುಗಿದಿಲ್ಲ. ಮರದ ತಿರುಳಿನ ಆ ಕಾಗದ ಈಗ ಕಂದಾಗಿದೆ. ಆದ್ದರಿಂದ ನಾವು ನೋಡುವ ಬಣ್ಣದ ಸಮತೋಲ ಅವನು ಅಂಟಿಸಿದ ದಿನದ್ದಲ್ಲ.

ಇತರ ಕಲಾವಿದರು

ಪಿಕಾಸೊ ಮತ್ತು ಬ್ರಾಕ್ ಪ್ಯಾರಿಸ್ಸಿನ ಸಲೂನ್‌ಗಳಿಂದ ದೂರ ಉಳಿದರು. 1911ರ ಸ್ವತಂತ್ರ ಕಲಾವಿದರ ಸಲೂನ್‌ನ 41ನೆಯ ಕೋಣೆಯಲ್ಲಿ ಜನ ಕಂಡ ಘನಾಕೃತಿ ಕಲೆ ಮೆತ್ಸಿಂಗರ್, ಗ್ಲೇಜ್, ಲೆಜೆ, ದೆಲೋನೆ ಮೊದಲಾದವರದು. ಪಂಥದ ಬಗ್ಗೆ ಮೊದಲ ಪುಸ್ತಕ ಬರೆದವರೂ ಗ್ಲೇಜ್ ಮತ್ತು ಮೆತ್ಸಿಂಗರ್ (1912). ಹ್ವಾನ್ ಗ್ರಿಸ್‌ನ ಕೃತಿಗಳು ಈ ಗುಂಪಿಗಿಂತ ಹೆಚ್ಚು ಕಟ್ಟುನಿಟ್ಟಾದವು.

ಯುದ್ಧದ ನಂತರ

ಮೊದಲ ಮಹಾಯುದ್ಧ ಆರಂಭವಾದಾಗ, 1914ರ ಆಗಸ್ಟಿನಲ್ಲಿ, ಬ್ರಾಕ್ ಸೈನ್ಯಕ್ಕೆ ಹೊರಟ. ಪಿಕಾಸೊ ಅವಿನ್ಯೋಂ ರೈಲು ನಿಲ್ದಾಣದಲ್ಲಿ ಅವನನ್ನು ಬೀಳ್ಕೊಟ್ಟ. 1915ರಲ್ಲಿ ಬ್ರಾಕ್‌ನ ತಲೆಗೆ ತೀವ್ರ ಪೆಟ್ಟಾಯಿತು. ಅವರ ಜೊತೆಗೆಲಸ ಮತ್ತೆ ಕೂಡಲಿಲ್ಲ. ಜರ್ಮನ್ ಪ್ರಜೆಯಾಗಿದ್ದ ಕಾನ್‌ವೈಲರ್‌ನ ಸಂಗ್ರಹವನ್ನು ಫ್ರೆಂಚ್ ಸರ್ಕಾರ ವಶಪಡಿಸಿಕೊಂಡು 1921ರಿಂದ 1923ರವರೆಗೆ ನಾಲ್ಕು ಹರಾಜುಗಳಲ್ಲಿ ಮಾರಿತು.

ಭಾರತದಲ್ಲಿ ಗಗನೇಂದ್ರನಾಥ ಟ್ಯಾಗೋರ್ 1920ರ ದಶಕದ ಆರಂಭದಲ್ಲಿ ಈ ಭಾಷೆಯನ್ನು ಪ್ರಯೋಗಿಸಿದ. 1922ರಲ್ಲಿ ‘ರೂಪಂ’ ಪತ್ರಿಕೆಯಲ್ಲಿ ಸ್ಟೆಲ್ಲಾ ಕ್ರಾಮ್ರಿಶ್ ಅವನನ್ನು ಭಾರತೀಯ ಘನಾಕೃತಿ ಕಲಾವಿದನೆಂದು ಪರಿಚಯಿಸಿದಳು. ಅವನ ಚಿತ್ರಗಳಲ್ಲಿ ಲೋಟ, ಗಿಟಾರ್‌ಗಳ ವಿಶ್ಲೇಷಣೆಯಿಲ್ಲ. ಮೆಟ್ಟಿಲು, ಕಮಾನು, ಬಾಗಿಲುಗಳ ನಡುವೆ ಬೆಳಕು ಹರಳಿನಲ್ಲಿ ಹಾದಂತೆ ಮುರಿದು ಹರಡುತ್ತದೆ.